ಮಳೆ ನಕ್ಷತ್ರಗಳ ವಯಸ್ಸು

ಜೂನ್ ತಿಂಗಳ ಮೂರನೆಯ ವಾರ ಕಳೆಯುತ್ತಿದ್ದಂತೆ ಪಂಚಾಂಗ ನೋಡಿ ಬೇಸಾಯ ಮಾಡುವವರ ಬಾಯಲ್ಲಿ ಆರಿದ್ರಾ ಮಳೆಯ ಮಾತು ಶುರುವಾಗುತ್ತದೆ. ರೋಹಿಣಿ ಕೈಕೊಟ್ಟಿತು, ಮೃಗಶಿರ ಪರವಾಗಿಲ್ಲ, ಆರಿದ್ರಾ ಹಿಡಿದುಕೊಂಡರೆ ಬಿತ್ತನೆಗೆ ಚಿಂತೆಯಿಲ್ಲ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರದಂತೆ ಮಳೆಗಾಲವನ್ನು ಅಳೆಯುವ ರೂಢಿ ನಮ್ಮದು. ಈ ಲೆಕ್ಕದಲ್ಲೊಂದು ತಮಾಷೆಯಿದೆ. ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರಿದ್ರಾ ನಕ್ಷತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಮೋಡ ಸರಿದು ಆಕಾಶ ತಿಳಿಯಾದರೂ ಅಷ್ಟೇ. ಮಳೆ ನಕ್ಷತ್ರವೆಂದರೆ ಆ ಹೊತ್ತಿಗೆ ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿರುತ್ತಾನೋ ಅದು. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವ ಚುಕ್ಕಿಯನ್ನು ನೋಡುವುದೆಂತು? ಅದನ್ನು ಕಾಣಬೇಕಾದರೆ ಡಿಸೆಂಬರ್ ಜನವರಿಯ ಚಳಿಗೆ ಕಾಯಬೇಕು. ಮಹಾವ್ಯಾಧ ಪುಂಜದ ಹೆಗಲಲ್ಲಿ ಕೆಂಪಗೆ ಹೊಳೆಯುವುದೇ ಆರಿದ್ರಾ.

ಪಂಚಾಂಗದಲ್ಲಿ ಒಂದರ ಪಕ್ಕ ಒಂದು ಕುಳಿತಿರುವ ಈ ಹೆಸರುಗಳ ನಡುವೆ ವಯಸ್ಸಿನ ಅಂತರ ಎಷ್ಟೆಂದು ತಿಳಿದರೆ ತಲೆ ತಿರುಗುತ್ತದೆ. ಕೃತ್ತಿಕೆಯ ಗೊಂಚಲು ಬರಿಗಣ್ಣಿಗೆ ಆರೋ ಏಳೋ ಚುಕ್ಕಿ, ದೂರದರ್ಶಕಕ್ಕೆ ಸಾವಿರಕ್ಕೂ ಮಿಕ್ಕು. ಅವು ಹುಟ್ಟಿ ಹತ್ತು ಕೋಟಿ ವರ್ಷದ ಆಸುಪಾಸು. ಇಲ್ಲಿ ಡೈನೋಸಾರುಗಳು ಓಡಾಡುತ್ತಿದ್ದಾಗ ಅಲ್ಲಿ ಅವು ಕಣ್ಣು ಬಿಟ್ಟವು. ರೋಹಿಣಿ ಮತ್ತು ಸ್ವಾತಿ ಮುದುಕರು. ಎರಡೂ ಸೂರ್ಯನಿಗಿಂತ ಹಿರಿಯವು, ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು ತೂಕದವು, ಈಗ ಊದಿಕೊಂಡು ಕೆಂಪು ದೈತ್ಯಗಳಾಗಿವೆ. ಸ್ವಾತಿಯ ವ್ಯಾಸ ಸೂರ್ಯನ ಸುಮಾರು 25 ಪಟ್ಟು, ರೋಹಿಣಿಯದು 40 ಪಟ್ಟಿಗೂ ಹೆಚ್ಚು. ಹಿಂಗಾರಿನ ಚಿತ್ತೆ ಒಂದು ಚುಕ್ಕಿಯಂತೆ ಕಂಡರೂ ನಾಲ್ಕು ದಿನಕ್ಕೊಮ್ಮೆ ಪರಸ್ಪರ ಸುತ್ತುವ ಎರಡು ನೀಲಿ ನಕ್ಷತ್ರಗಳ ಜೋಡಿ. ಆರಿದ್ರಾ ಎಲ್ಲಕ್ಕಿಂತ ವಿಚಿತ್ರ. ಅದರ ವಯಸ್ಸು ಬರೀ ಒಂದು ಕೋಟಿ ವರ್ಷದಷ್ಟು, ಕೃತ್ತಿಕೆಗಿಂತಲೂ ಎಳೆಯದು. ಆದರೂ ಆಯುಸ್ಸು ಮುಗಿಯುತ್ತಾ ಬಂದಿದೆ. ಸೂರ್ಯನ ಜಾಗದಲ್ಲಿ ತಂದಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿ ಆಚೆಗೆ ಚಾಚುವಷ್ಟು ಅದು ಹಿಗ್ಗಿದೆ.

ಹತ್ತು ಕೋಟಿ ವರ್ಷದ್ದು ಮಗು, ಒಂದು ಕೋಟಿ ವರ್ಷದ್ದು ಸಾಯುವ ಮುದಿ. ಇದು ಹೇಗೆ, ಮತ್ತು ಇದರಿಂದ ನಮಗೇನು ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಒಂದು ಸಂದೇಹ ಪರಿಹಾರವಾಗಬೇಕು. ದೂರದರ್ಶಕ ಹುಟ್ಟಿ ಇನ್ನೂ ಸುಮಾರು ನಾನೂರು ವರ್ಷ. ಕೋಟ್ಯಂತರ ವರ್ಷ ಬದುಕುವ ನಕ್ಷತ್ರದ ಹುಟ್ಟು ಸಾವುಗಳನ್ನು ಯಾರೂ ಕೂತು ನೋಡಿಲ್ಲ. ಹಾಗಿದ್ದರೂ ಖಗೋಳ ವಿಜ್ಞಾನಿಗಳು ಅಷ್ಟು ಧೈರ್ಯವಾಗಿ ಮಾತಾಡುವುದು ಯಾವ ಆಧಾರದ ಮೇಲೆ? ಒಂದು ಜಾತ್ರೆಗೆ ಹೋಗಿ ಗಂಟೆ ಹೊತ್ತು ಸುತ್ತಾಡಿ ಬನ್ನಿ. ಯಾರೊಬ್ಬರೂ ನಿಮ್ಮ ಕಣ್ಣೆದುರು ಒಂದು ಗಂಟೆಗಿಂತ ಹೆಚ್ಚು ಬೆಳೆದಿರುವುದಿಲ್ಲ. ಆದರೂ ಸೊಂಟದ ಮೇಲಿನ ಕೂಸು, ತೊಟ್ಟಿಲು ತಿರುಗುವವರ ಸಾಲಲ್ಲಿ ನಿಂತ ಹುಡುಗರು, ತೇರು ಎಳೆಯುವ ಗಂಡಾಳುಗಳು, ಕಟ್ಟೆಯ ಮೇಲೆ ಕೂತ ಅಜ್ಜಂದಿರನ್ನೆಲ್ಲ ನೋಡಿದವರು ಮನುಷ್ಯನ ಬಾಳಿನ ಹಂತಗಳನ್ನು ಊಹಿಸಬಲ್ಲರು. ಯಾವ ವಯಸ್ಸಿನವರು ಹೆಚ್ಚಾಗಿ ಕಂಡರೋ ಆ ಹಂತ ಹೆಚ್ಚು ಕಾಲ ಇರುತ್ತದೆ ಎಂದೂ ಹೇಳಬಲ್ಲರು. ಕಳೆದ ಶತಮಾನದ ಎರಡನೆಯ ದಶಕದ ಹೊತ್ತಿಗೆ ಡೆನ್ಮಾರ್ಕಿನ ಹರ್ಟ್ಸ್‌ಪ್ರಂಗ್ ಮತ್ತು ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಬೇರೆ ಬೇರೆಯಾಗಿ ಮಾಡಿದ್ದು ಇದನ್ನೇ. ನಕ್ಷತ್ರಗಳ ಬಣ್ಣ ಮತ್ತು ನಿಜವಾದ ಪ್ರಕಾಶವನ್ನು ಒಂದು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ಚುಕ್ಕಿಗಳು ಎಲ್ಲೆಂದರಲ್ಲಿ ಚೆದುರಲಿಲ್ಲ. ಬಹುಪಾಲು ಒಂದು ಓರೆಪಟ್ಟಿಯಲ್ಲಿ ಸಾಲುಗಟ್ಟಿದವು, ಕೆಲವು ಮೇಲೆ ಕೆಂಪು ದೈತ್ಯಗಳಾಗಿ, ಕೆಲವು ಕೆಳಗೆ ಬಿಳಿಯ ಕುಬ್ಜಗಳಾಗಿ ನಿಂತವು.

ನಕ್ಷೆ ಸಿಕ್ಕಿತು. ನಕ್ಷತ್ರ ಯಾವುದರಿಂದ ಆಗಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಈ ಕಥೆಯ ಎರಡು ಮುಖ್ಯ ತಿರುವುಗಳು ನಮ್ಮ ದೇಶದಲ್ಲೇ ಆದವು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲೆಂದು ಫ್ರಾನ್ಸಿನ ಪಿಯರ್ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದಿದ್ದರು. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡಿದಾಗ ಒಂದು ಹಳದಿ ಗೆರೆ ಕಂಡಿತು. ಸೋಡಿಯಂನ ಗೆರೆಯ ಹತ್ತಿರದಲ್ಲಿದ್ದರೂ ಅದಕ್ಕೆ ತಾಳೆಯಾಗಲಿಲ್ಲ. ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಅದು ಭೂಮಿಯಲ್ಲಿ ಯಾರೂ ಕಾಣದ ಹೊಸ ಧಾತುವಿನದೆಂದು ವಾದಿಸಿ ಹೀಲಿಯಂ ಎಂದು ಕರೆದರು. ನಕ್ಕವರೇ ಹೆಚ್ಚು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಅದಿರಿನಿಂದ ಹೊಮ್ಮಿದ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ನಗು ನಿಂತಿತು.

ಎರಡನೆಯ ತಿರುವು ಕಲ್ಕತ್ತೆಯದು. 1920ರಲ್ಲಿ ಮೇಘನಾದ ಸಹಾ, ಬಿಸಿ ಏರಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಎಷ್ಟು ಕಳೆದುಕೊಳ್ಳುತ್ತವೆ ಎಂಬುದಕ್ಕೆ ಒಂದು ಸಮೀಕರಣ ಕೊಟ್ಟರು. ಕೇಳುವುದಕ್ಕೆ ಸಪ್ಪೆ. ಆದರೆ ಅಲ್ಲಿಯ ತನಕ ನಕ್ಷತ್ರದ ರೋಹಿತದಲ್ಲಿ, ಅಂದರೆ ಬಿಡಿಸಿದ ಬೆಳಕಿನಲ್ಲಿ, ಯಾವ ಧಾತುವಿನ ಗೆರೆ ಗಾಢವೋ ಆ ಧಾತು ಅಲ್ಲಿ ಹೇರಳ ಎಂದು ಎಲ್ಲರೂ ನಂಬಿದ್ದರು. ಗೆರೆಯ ಗಾಢತೆಯಲ್ಲಿ ಶಾಖದ ಕೈವಾಡ ದೊಡ್ಡದೆಂದು ಸಹಾ ಅವರ ಸಮೀಕರಣ ತೋರಿಸಿತು. ಅದನ್ನು ಹಿಡಿದುಕೊಂಡು ಅಮೆರಿಕದ ಹಾರ್ವರ್ಡ್‌ನಲ್ಲಿ ಲೆಕ್ಕಕ್ಕೆ ಕೂತವರು ಸಿಸಿಲಿಯಾ ಪೇನ್. ಹೆಂಗಸರಿಗೆ ಪದವಿ ಕೊಡದ ಕೇಂಬ್ರಿಜನ್ನು ಬಿಟ್ಟು ಹೋಗಿದ್ದ ಇಂಗ್ಲೆಂಡಿನ ಹುಡುಗಿ. 1925ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ ಆಕೆ ಬರೆದ ಪ್ರಬಂಧದ ಉತ್ತರ ಯಾರೂ ನಿರೀಕ್ಷಿಸದ್ದಾಗಿತ್ತು. ಸೂರ್ಯನಲ್ಲಿರುವುದು ಭೂಮಿಯಂತೆ ಕಬ್ಬಿಣ, ಸಿಲಿಕಾನ್ ಅಲ್ಲ, ಬಹುತೇಕ ಬರೀ ಹೈಡ್ರೋಜನ್, ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ. ಪ್ರಬಂಧ ಓದಿದ ರಸೆಲ್, ಅದೇ ನಕ್ಷೆಯ ರಸೆಲ್, ಇದು ಅಸಾಧ್ಯವೆಂದರು. ಆಗಿನ ಕಾಲಕ್ಕೆ ಅವರ ಮಾತು ಮೀರುವಂತಿರಲಿಲ್ಲ. ತನ್ನ ಈ ಫಲಿತಾಂಶ ಬಹುಶಃ ನಿಜವಲ್ಲ ಎಂದು ಪೇನ್ ತಾನೇ ಬರೆದುಕೊಳ್ಳಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದು ಒಪ್ಪಿಕೊಂಡರು. ಪೇನ್ ಹೆಸರನ್ನು ಅವರು ಹೇಳಿದರು, ನಿಜ. ಆದರೂ ಬಹುಕಾಲ ಆ ಕೀರ್ತಿ ರಸೆಲ್ ಖಾತೆಗೇ ಜಮೆಯಾಗುತ್ತಿತ್ತು.

ಹೈಡ್ರೋಜನ್ನಿನ ಗುಡ್ಡೆ ಎಂದು ಗೊತ್ತಾದ ಮೇಲೆ ನಕ್ಷತ್ರದ ಬಾಳು ಅರ್ಥವಾಗತೊಡಗಿತು. ಆಕಾಶದಲ್ಲಿ ಅನಿಲ ಮತ್ತು ದೂಳಿನ ತಣ್ಣನೆಯ ಮೋಡಗಳಿವೆ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆ ಅಂಥದೊಂದು. ಸುಮಾರು 1,300 ಜ್ಯೋತಿರ್ವರ್ಷ ದೂರದ ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಮೋಡದ ಒಂದು ಭಾಗ ತನ್ನ ಭಾರಕ್ಕೆ ತಾನೇ ಕುಸಿದು ಒತ್ತಾಗುತ್ತದೆ, ಒತ್ತಾದಂತೆ ಕಾಯುತ್ತದೆ. ನಡುವಿನ ಶಾಖ ಒಂದು ಕೋಟಿ ಡಿಗ್ರಿಯ ಹತ್ತಿರ ಬಂದಾಗ ಹೈಡ್ರೋಜನ್ ಬೀಜಗಳು ಬೆಸೆದು ಹೀಲಿಯಂ ಆಗಲು ತೊಡಗುತ್ತವೆ. ಅಲ್ಲಿಂದ ಒಳಗಿನ ಶಾಖದ ಒತ್ತಡ ಹೊರಕ್ಕೆ ನೂಕುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಈ ಹಗ್ಗಜಗ್ಗಾಟ ಸಮವಾಗಿರುವಷ್ಟು ಕಾಲ ನಕ್ಷತ್ರ ಆ ಓರೆಪಟ್ಟಿಯ ಮೇಲೆ ನೆಮ್ಮದಿಯಾಗಿರುತ್ತದೆ.

ಸೂರ್ಯನ ಒಡಲಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಹೀಲಿಯಂ ಆಗುತ್ತದೆ. ಅದರಲ್ಲಿ 40 ಲಕ್ಷ ಟನ್ನಿನಷ್ಟು ದ್ರವ್ಯ ಶಕ್ತಿಯಾಗಿ ಹೊರಬೀಳುತ್ತದೆ. ಈ ಅಂಕಿಗಳನ್ನು ಕೇಳಿ ಸೂರ್ಯ ಭಾರೀ ಉರಿಯುವವನೆಂದು ಎಲ್ಲರೂ ತಿಳಿಯುತ್ತಾರೆ. ಅವನ ಗಾತ್ರಕ್ಕೆ ಭಾಗಿಸಿ ನೋಡಿದರೆ ಬೇರೆಯೇ ಚಿತ್ರ. ಕಿಲೋವೊಂದಕ್ಕೆ ಸೂರ್ಯ ಹೊಮ್ಮಿಸುವ ಶಕ್ತಿ ಒಂದು ವಾಟ್‌ನ ಐದು ಸಾವಿರದ ಒಂದು ಭಾಗದಷ್ಟು. ಸುಮ್ಮನೆ ಕುಳಿತ ಮನುಷ್ಯನ ಮೈ ಕಿಲೋವೊಂದಕ್ಕೆ ಒಂದು ವಾಟ್‌ಗೂ ಹೆಚ್ಚು ಶಾಖ ಕೊಡುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ನಾವು ಸೂರ್ಯನಿಗಿಂತ ಸಾವಿರಾರು ಪಟ್ಟು ಬಿರುಸಾಗಿ ಉರಿಯುತ್ತಿದ್ದೇವೆ! ಸೂರ್ಯನ ನಡುವಿನಲ್ಲಿ ಹೈಡ್ರೋಜನ್ನಿನ ಬೀಜಗಳಾದ ಎರಡು ಪ್ರೋಟಾನುಗಳು ಲೆಕ್ಕವಿಲ್ಲದಷ್ಟು ಸಲ ಡಿಕ್ಕಿಯಾದರೂ ಬೆಸೆಯುವುದು ಅಪರೂಪದಲ್ಲಿ ಅಪರೂಪ. ಒಂದು ಪ್ರೋಟಾನ್ ತನ್ನ ಸರದಿಗಾಗಿ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಸೂರ್ಯ ಜಿಪುಣ. ಅದಕ್ಕೇ ಅವನ ಗಂಟು 1,000 ಕೋಟಿ ವರ್ಷಕ್ಕೆ ಸಾಕಾಗುತ್ತದೆ. ಈಗ 460 ಕೋಟಿ ವರ್ಷದಷ್ಟು ಖರ್ಚಾಗಿದೆ.

ತೂಕ ಹೆಚ್ಚಿದಂತೆ ಈ ಜಿಪುಣತನ ಮಾಯವಾಗುತ್ತದೆ. ಸೂರ್ಯನ ಹತ್ತು ಪಟ್ಟು ತೂಗುವ ನಕ್ಷತ್ರದ ಬಳಿ ಹತ್ತು ಪಟ್ಟು ಇಂಧನವಿದೆ, ಆದರೆ ಅದು ಸಾವಿರಾರು ಪಟ್ಟು ಪ್ರಕಾಶವಾಗಿ ಉರಿಯುತ್ತದೆ. ಭಾರ ಹೆಚ್ಚಾದಷ್ಟೂ ನಡುವಿನ ಶಾಖ ಏರುತ್ತದೆ, ಶಾಖ ತುಸು ಏರಿದರೂ ಬೆಸುಗೆಯ ವೇಗ ವಿಪರೀತ ಹೆಚ್ಚುತ್ತದೆ. ಎರಡು ಮೂರು ಕೋಟಿ ವರ್ಷಕ್ಕೆ ಗಂಟು ಖಾಲಿ. ಸೂರ್ಯನ ಹದಿನೈದಿಪ್ಪತ್ತು ಪಟ್ಟು ತೂಗುವ ಆರಿದ್ರಾ ಒಂದೇ ಕೋಟಿ ವರ್ಷದಲ್ಲಿ ಮುದಿಯಾದದ್ದು ಹೀಗೆ. ಇನ್ನೊಂದು ತುದಿಯಲ್ಲಿ ಕೆಂಪು ಕುಬ್ಜಗಳಿವೆ. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಅಂಥದು. ಅವು ಲಕ್ಷಾಂತರ ಕೋಟಿ ವರ್ಷ ಬಾಳಬಲ್ಲವು. ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ. ಹಾಗಾಗಿ ಮುಪ್ಪಾಗಿ ಸತ್ತ ಕೆಂಪು ಕುಬ್ಜ ಇಡೀ ವಿಶ್ವದಲ್ಲಿ ಇಲ್ಲಿಯವರೆಗೆ ಒಂದೂ ಇಲ್ಲ.

ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಆರಿದ್ರಾದಂಥ ನಕ್ಷತ್ರಗಳ ಮುನ್ನೂರು ತಲೆಮಾರು ಅದರ ಎದುರಿಗೆ ಹುಟ್ಟಿ ಸತ್ತಿರಬಹುದು. ಆ ಬಂಡೆ ಆಗುವ ಹೊತ್ತಿಗೆ ಭೂಮಿಯ ಮೇಲೆ ಸೂಕ್ಷ್ಮಜೀವಿಗಳು ಇದ್ದವು. ಅಲ್ಲಿಂದ ಮೀನು, ಕಪ್ಪೆ, ಹಲ್ಲಿ, ಮಂಗ, ಮನುಷ್ಯ ಎಂದು ಸಾಗಲು ಬೇಕಾದ ಕಾಲವನ್ನು ಕೊಟ್ಟದ್ದು ಸೂರ್ಯನ ಕೃಪಣತೆ. ಅವನೇನಾದರೂ ಆರಿದ್ರಾದಷ್ಟು ದೊಡ್ಡವನಾಗಿದ್ದರೆ ಭೂಮಿಯ ಮೇಲೆ ಶಿಲಾರಸ ಆರುವ ಮೊದಲೇ ಆಟ ಮುಗಿದಿರುತ್ತಿತ್ತು. ಆದರೆ ಜೀವಕ್ಕೆ ಕಾಲವೊಂದೇ ಸಾಲದು, ಸಾಮಗ್ರಿಯೂ ಬೇಕು. ಇಂಗಾಲ, ಆಮ್ಲಜನಕ, ಕ್ಯಾಲ್ಸಿಯಂ, ಕಬ್ಬಿಣ ಸೂರ್ಯನಲ್ಲಿ ತಯಾರಾದವಲ್ಲ. ಅವನು ಹುಟ್ಟುವ ಮೊದಲೇ ದುಂದುಗಾರ ನಕ್ಷತ್ರಗಳು ಮಾಡಿ ಎರಚಿ ಹೋದವು. ನನಗೆ ನಕ್ಷತ್ರಗಳ ಕಥೆಯ ತಿರುಳು ಇರುವುದು ಇಲ್ಲೇ ಎನ್ನಿಸುತ್ತದೆ. ಅವಸರದಲ್ಲಿ ಬಾಳಿದವು ನಮಗೆ ಸರಕು ಕೊಟ್ಟವು, ನಿಧಾನಿಯೊಬ್ಬ ಸಮಯ ಕೊಟ್ಟ. ಎರಡರಲ್ಲಿ ಒಂದು ತಪ್ಪಿದ್ದರೂ ಈ ಪುಟವನ್ನು ಓದಲು ಯಾರೂ ಇರುತ್ತಿರಲಿಲ್ಲ.

‘ನಾವೆಲ್ಲ ನಕ್ಷತ್ರದ ದೂಳು’ ಎಂಬ ಮಾತು ಈಗ ಟೀ ಶರ್ಟುಗಳ ಮೇಲೂ ಬಂದಿದೆ. ಅದಕ್ಕೊಂದು ಸಣ್ಣ ತಿದ್ದುಪಡಿ ಬೇಕು. ನಮ್ಮ ಮೈ ತೂಕದ ಸುಮಾರು ಹತ್ತನೆಯ ಒಂದು ಭಾಗ ಹೈಡ್ರೋಜನ್. ಪರಮಾಣುಗಳನ್ನು ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಅದೇ. ಈ ಹೈಡ್ರೋಜನ್ ಯಾವ ನಕ್ಷತ್ರದಲ್ಲೂ ಆದದ್ದಲ್ಲ, ವಿಶ್ವದ ಮೊದಲ ಕೆಲವೇ ನಿಮಿಷಗಳಿಂದ ಹಾಗೆಯೇ ಉಳಿದು ಬಂದದ್ದು. ಕುಡಿಯುವ ನೀರಿನ ಒಂದೊಂದು ಅಣುವಿನಲ್ಲೂ ಎರಡು ಪರಮಾಣು ನಕ್ಷತ್ರಗಳಿಗಿಂತ ಹಳೆಯವು, ಒಂದು ಮಾತ್ರ ನಕ್ಷತ್ರದ್ದು.

ಉಳಿದ ಸರಕು ನಕ್ಷತ್ರದ್ದೇ ಎನ್ನಲು ಸಾಕ್ಷಿ ಬೇಕಲ್ಲ. ಅದು ಸಿಕ್ಕಿದ್ದು 1952ರಲ್ಲಿ, ಟೆಕ್ನೀಷಿಯಂ ಎಂಬ ಧಾತುವಿನ ರೂಪದಲ್ಲಿ. ಇದರ ಯಾವ ಬಗೆಯೂ ಸ್ಥಿರವಲ್ಲ. ಅತಿ ದೀರ್ಘಾಯುವಾದದ್ದೂ ಸುಮಾರು 42 ಲಕ್ಷ ವರ್ಷಕ್ಕೆ ಅರ್ಧ ಕರಗುತ್ತದೆ. ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಯಾವಾಗಲೋ ಕರಗಿ ಹೋಯಿತು. 1937ರಲ್ಲಿ ಅದನ್ನು ಗುರುತಿಸಿದ್ದೂ ಯಂತ್ರದಲ್ಲಿ ಕೃತಕವಾಗಿ ತಯಾರಾದದ್ದರಲ್ಲಿ. ಅಂಥ ಧಾತುವಿನ ಗೆರೆಗಳನ್ನು ಅಮೆರಿಕದ ಪಾಲ್ ಮೆರಿಲ್ ಕೆಲವು ಮುದಿ ಕೆಂಪು ದೈತ್ಯಗಳ ಬೆಳಕಿನಲ್ಲಿ ಕಂಡರು. ಲಕ್ಷಗಳ ಲೆಕ್ಕದಲ್ಲಿ ಕರಗುವ ವಸ್ತು ಕೋಟಿಗಳ ಲೆಕ್ಕದಲ್ಲಿ ಬಾಳುವ ನಕ್ಷತ್ರದಲ್ಲಿ ಕಾಣಬೇಕಾದರೆ ಒಂದೇ ಅರ್ಥ: ಅದು ಅಲ್ಲೇ ಈಗಷ್ಟೇ ತಯಾರಾಗಿದೆ. ಇಡೀ ವಿಷಯದಲ್ಲಿ ನನಗೆ ಇದಕ್ಕಿಂತ ಚೊಕ್ಕವಾದ ಪುರಾವೆ ಕಂಡಿಲ್ಲ. ಸಮೀಕರಣ ಬೇಡ, ತರ್ಕ ಸಾಕು.

ಕೆಂಪು ದೈತ್ಯದ ಒಳಗೆ ನಡೆಯುವುದು ಇಷ್ಟು. ನಡುವಿನ ಹೈಡ್ರೋಜನ್ ಮುಗಿದಾಗ ಅಲ್ಲಿ ಹೀಲಿಯಂ ಉಳಿಯುತ್ತದೆ. ತಿರುಳು ಕುಗ್ಗಿ ಕಾಯುತ್ತದೆ, ಹೊರಮೈ ಹಿಗ್ಗಿ ತಣಿದು ಕೆಂಪಾಗುತ್ತದೆ. ಹತ್ತು ಕೋಟಿ ಡಿಗ್ರಿಯಲ್ಲಿ ಮೂರು ಹೀಲಿಯಂ ಸೇರಿ ಒಂದು ಇಂಗಾಲವಾಗಬೇಕು. ತೊಡಕು ಇಲ್ಲಿದೆ. ಎರಡು ಹೀಲಿಯಂ ಕೂಡಿದರೆ ಆಗುವ ಬೆರಿಲಿಯಂ ಕಣ್ಣು ಮಿಟುಕಿಸುವ ಕಾಲದ ಕೋಟಿ ಕೋಟಿ ಭಾಗದಲ್ಲೊಂದು ಭಾಗವೂ ನಿಲ್ಲುವುದಿಲ್ಲ. ಅಷ್ಟರೊಳಗೆ ಮೂರನೆಯದು ಬಂದು ಸೇರಬೇಕು. ಲೆಕ್ಕ ಹಾಕಿದರೆ ವಿಶ್ವದಲ್ಲಿ ಇಂಗಾಲವೇ ಇರಬಾರದು. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಅದನ್ನು ತಲೆಕೆಳಗು ಮಾಡಿದರು. ಇಂಗಾಲ ಇದೆ, ಅದರಿಂದ ಆದ ನಾನೂ ಇದ್ದೇನೆ, ಹಾಗಾಗಿ ಇಂಗಾಲದ ಬೀಜಕ್ಕೆ ಈ ಬೆಸುಗೆಯನ್ನು ಸುಲಭ ಮಾಡಿಕೊಡುವ ಒಂದು ಶಕ್ತಿಮಟ್ಟ ಇರಲೇಬೇಕು ಎಂದು ಹಟ ಹಿಡಿದರು. 1953ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ವಿಲಿಯಂ ಫೌಲರ್ ಅವರ ಪ್ರಯೋಗಾಲಯಕ್ಕೆ ಹೋಗಿ ಹುಡುಕಿ ಎಂದರು. ತಲೆಕೆಟ್ಟ ಮಾತೆಂದುಕೊಂಡೇ ಹುಡುಕಿದರು. ಹಾಯ್ಲ್ ಹೇಳಿದ ಆಸುಪಾಸಿನಲ್ಲೇ, 76.5 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಅದು ಇತ್ತು. 1957ರಲ್ಲಿ ಹಾಯ್ಲ್, ಫೌಲರ್, ಮತ್ತು ಮಾರ್ಗರೆಟ್ ಹಾಗೂ ಜೆಫ್ರಿ ಬರ್ಬಿಜ್ ದಂಪತಿ ಸೇರಿ ಯಾವ ಧಾತು ನಕ್ಷತ್ರದ ಯಾವ ಹಂತದಲ್ಲಿ ಆಗುತ್ತದೆಂದು ಬರೆದ ದೀರ್ಘ ಪ್ರಬಂಧ ಈ ಶಾಸ್ತ್ರದ ಬುನಾದಿಯಾಯಿತು. 1983ರ ನೊಬೆಲ್ ಫೌಲರ್‌ಗೆ ಸಂದಿತು, ಹಾಯ್ಲ್‌ಗೆ ಸಲ್ಲಲಿಲ್ಲ. ಅದು ಅನ್ಯಾಯವೆಂದೇ ನನ್ನ ಎಣಿಕೆ.

ಸೂರ್ಯನಂಥವು ಇಂಗಾಲ, ಆಮ್ಲಜನಕದ ಆಚೆಗೆ ಹೋಗಲಾರವು. ಇನ್ನು 500 ಕೋಟಿ ವರ್ಷದ ಮೇಲೆ ಸೂರ್ಯನೂ ರೋಹಿಣಿಯ ಹಾಗೆ ಊದಿಕೊಂಡು ಬುಧ ಶುಕ್ರರನ್ನು ನುಂಗುತ್ತಾನೆ. ಭೂಮಿಯ ಗತಿ ಅನುಮಾನ. ನಮಗೆ ಅಷ್ಟು ಕಾಲವೂ ಇಲ್ಲ ಎನ್ನುವುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಸೂರ್ಯ ಮೆಲ್ಲಗೆ ಪ್ರಖರನಾಗುತ್ತಲೇ ಇದ್ದಾನೆ. ಇನ್ನು ಸುಮಾರು 100 ಕೋಟಿ ವರ್ಷದಲ್ಲಿ ಅವನ ಪ್ರಕಾಶ ಶೇ. 10ರಷ್ಟು ಏರುವ ಹೊತ್ತಿಗೆ ಸಮುದ್ರಗಳು ಉಳಿಯುವುದು ಕಷ್ಟ. ಕೊನೆಗೆ ಸೂರ್ಯನ ಹೊರಪದರಗಳು ಕಳಚಿ ಹಾರಿಹೋಗಿ ಭೂಮಿಯ ಗಾತ್ರದ ಶ್ವೇತ ಕುಬ್ಜವೊಂದು ಉಳಿಯುತ್ತದೆ. ಆಕಾಶದ ಅತ್ಯಂತ ಪ್ರಕಾಶದ ನಕ್ಷತ್ರ ಲುಬ್ಧಕಕ್ಕೆ ಅಂಥದೊಂದು ಜೊತೆಗಾರ ಇದೆ. ಅದರ ಒಂದು ಘನ ಸೆಂಟಿಮೀಟರ್ ತುಣುಕು ಎರಡು ಟನ್ನಿಗೂ ಹೆಚ್ಚು ತೂಗುತ್ತದೆ.

ಶ್ವೇತ ಕುಬ್ಜಕ್ಕೊಂದು ತೂಕದ ಮಿತಿ ಇದೆ ಎಂದು ಕಂಡುಕೊಂಡದ್ದು ಸಮುದ್ರದ ಮೇಲೆ. 1930ರ ಬೇಸಿಗೆಯಲ್ಲಿ ಓದಲೆಂದು ಹಡಗೇರಿ ಇಂಗ್ಲೆಂಡಿಗೆ ಹೊರಟ ಹತ್ತೊಂಬತ್ತರ ಹುಡುಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ದಾರಿಯಲ್ಲಿ ಲೆಕ್ಕ ಹಾಕುತ್ತ ಕೂತರು. ಸಿ.ವಿ. ರಾಮನ್ ಅವರ ಅಣ್ಣನ ಮಗ. ಇಂದು ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು ಎನ್ನುತ್ತೇವೆ. ಅದನ್ನು ಮೀರಿದರೆ ಒಳಗಿನ ಒತ್ತಡ ತಡೆಯಲಾರದೆ ನಕ್ಷತ್ರ ಕುಸಿಯುತ್ತದೆ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದ ಕೂಡಲೇ ಆ ಕಾಲದ ದೊಡ್ಡ ಹೆಸರು ಆರ್ಥರ್ ಎಡಿಂಗ್ಟನ್ ಎದ್ದು ನಿಂತು ಇದು ಹುಚ್ಚಾಟವೆಂದು ಸಭೆಯನ್ನು ನಗಿಸಿದರು. ಚಂದ್ರಶೇಖರ್ ಜಗಳವಾಡಲಿಲ್ಲ, ಬೇರೆ ವಿಷಯಕ್ಕೆ ಹೊರಳಿದರು. 1983ರಲ್ಲಿ ಫೌಲರ್ ಜೊತೆ ನೊಬೆಲ್ ಹಂಚಿಕೊಂಡವರು ಇವರೇ.

ಹಡಗಿನಲ್ಲಿ ಸಿಕ್ಕ ಆ ಸಂಖ್ಯೆಗೂ ನಮ್ಮ ರಕ್ತಕ್ಕೂ ನಂಟಿದೆ. ಜೋಡಿಯಾಗಿರುವ ಶ್ವೇತ ಕುಬ್ಜ ಪಕ್ಕದ ನಕ್ಷತ್ರದಿಂದ ಅನಿಲ ಹೀರುತ್ತ ಮಿತಿಯ ಸಮೀಪಕ್ಕೆ ಬಂದರೆ, ಅಥವಾ ಎರಡು ಕುಬ್ಜಗಳು ಒಂದಕ್ಕೊಂದು ಢಿಕ್ಕಿ ಹೊಡೆದರೆ, ಒಡಲಿನ ಇಂಗಾಲವೆಲ್ಲ ಒಮ್ಮೆಗೇ ಹೊತ್ತಿ ನಕ್ಷತ್ರ ಚೂರಾಗುತ್ತದೆ. ಸೂರ್ಯನ ಅರ್ಧಕ್ಕೂ ಹೆಚ್ಚು ತೂಕದ ವಿಕಿರಣಶೀಲ ನಿಕ್ಕಲ್ ಆಗ ಹುಟ್ಟಿ, ವಾರಗಳಲ್ಲಿ ಕೋಬಾಲ್ಟ್ ಆಗಿ, ತಿಂಗಳುಗಳಲ್ಲಿ ಕಬ್ಬಿಣವಾಗುತ್ತದೆ. ನಮ್ಮ ಸುತ್ತಲಿನ ಕಬ್ಬಿಣದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಹೀಗೆ ಬಂದದ್ದು. ಬಳ್ಳಾರಿಯ ಅದಿರಿನದೂ ಅದೇ ಮೂಲ, ಮೈಯೊಳಗಿರುವ ಮೂರು ನಾಲ್ಕು ಗ್ರಾಂ ಕಬ್ಬಿಣದ್ದೂ ಅದೇ ಮೂಲ.

ದೊಡ್ಡ ನಕ್ಷತ್ರಗಳ ಕೊನೆಗಾಲ ಬೇರೆ ರೀತಿ. ಸೂರ್ಯನ 25 ಪಟ್ಟು ತೂಗುವ ಒಂದನ್ನು ತೆಗೆದುಕೊಂಡರೆ ಹೈಡ್ರೋಜನ್ ಎಪ್ಪತ್ತು ಲಕ್ಷ ವರ್ಷ ಬರುತ್ತದೆ, ಹೀಲಿಯಂ ಐದಾರು ಲಕ್ಷ ವರ್ಷ. ಅಲ್ಲಿಂದಾಚೆ ಓಟ ಶುರು. ಇಂಗಾಲ ಕೆಲವು ನೂರು ವರ್ಷ, ನಿಯಾನ್ ಒಂದು ವರ್ಷ, ಆಮ್ಲಜನಕ ಆರು ತಿಂಗಳು, ಸಿಲಿಕಾನ್ ಒಂದು ದಿನ. ಉಳಿಯುವುದು ಕಬ್ಬಿಣದ ತಿರುಳು. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಬದಲಾಗಿ ತಗಲುತ್ತದೆ. ತಿರುಳು ಚಂದ್ರಶೇಖರ್ ಮಿತಿಯನ್ನು ಮುಟ್ಟಿದ ಗಳಿಗೆಯಲ್ಲಿ ಭೂಮಿಯಷ್ಟು ದೊಡ್ಡದು ಒಂದು ಸೆಕೆಂಡಿಗೂ ಮೊದಲೇ ಕೆಲವು ಹತ್ತು ಕಿಲೋಮೀಟರಿಗೆ ಕುಸಿಯುತ್ತದೆ. ಮೇಲಿನ ಪದರಗಳು ಸಿಡಿದು ಹೋಗುತ್ತವೆ. ಒಳಗೆ ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಉಳಿಯುತ್ತದೆ. 1054ರಲ್ಲಿ ಚೀನೀಯರು ಹಗಲಲ್ಲೂ 23 ದಿನ ಕಂಡ ಹೊಸ ನಕ್ಷತ್ರ ಇಂಥದೊಂದು ಸೂಪರ್ನೋವಾ. ಅದರ ಅವಶೇಷವಾದ ಏಡಿ ನೀಹಾರಿಕೆಯ ನಡುವೆ ನ್ಯೂಟ್ರಾನ್ ನಕ್ಷತ್ರವೊಂದು ಇಂದಿಗೂ ಸೆಕೆಂಡಿಗೆ 30 ಸುತ್ತು ಗಿರಕಿ ಹೊಡೆಯುತ್ತಿದೆ. ನಾವು ಉಸಿರಾಡುವ ಆಮ್ಲಜನಕದ ಬಹುಭಾಗ ಇಂಥ ಸ್ಫೋಟಗಳದ್ದು. ಈ ವ್ಯಾಪಾರ ಈಗಲೂ ನಿಂತಿಲ್ಲ. ಶಾಂತಸಾಗರದ ತಳದ ಪದರಗಳಲ್ಲಿ ಕಬ್ಬಿಣ-60 ಎಂಬ ವಿಕಿರಣಶೀಲ ಕಬ್ಬಿಣ ಸಿಕ್ಕಿದೆ. ಸುಮಾರು ಇಪ್ಪತ್ತು ಮೂವತ್ತು ಲಕ್ಷ ವರ್ಷದ ಹಿಂದೆ, ನಮ್ಮ ಪೂರ್ವಜರು ಆಫ್ರಿಕದಲ್ಲಿ ಕಲ್ಲು ಕೆತ್ತುವುದನ್ನು ಕಲಿಯುತ್ತಿದ್ದ ಕಾಲಕ್ಕೆ, ಹತ್ತಿರದಲ್ಲೆಲ್ಲೋ ಸಿಡಿದ ನಕ್ಷತ್ರದ ದೂಳು ಅದು.

ಚಿನ್ನದ ಮೂಲ ಬಹಳ ದಿನ ಬಗೆಹರಿದಿರಲಿಲ್ಲ. ಅದಕ್ಕೆ ನ್ಯೂಟ್ರಾನುಗಳ ಮಹಾಪೂರವೇ ಬೇಕು, ಬರೀ ಸೂಪರ್ನೋವಾ ಸಾಲದೆಂಬ ಅನುಮಾನವಿತ್ತು. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದಾದ ಕಂಪನವನ್ನು ಲೈಗೊ ಮತ್ತು ವರ್ಗೊ ಗುರುತ್ವ ಅಲೆಯ ಉಪಕರಣಗಳು ಹಿಡಿದವು. ಎರಡೇ ಸೆಕೆಂಡಿನೊಳಗೆ ಗಾಮಾ ಕಿರಣ ಬಂತು. ಪ್ರಪಂಚದ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಬಂದ ಬೆಳಕು ಕೆಂಪಗಾದ ರೀತಿ ಭಾರದ ಧಾತುಗಳು ಹುಟ್ಟಿವೆ ಎನ್ನುವುದನ್ನು ತೋರಿಸಿತು. ಅದೊಂದರಲ್ಲೇ ಭೂಮಿಯ ತೂಕದ ಹಲವು ಪಟ್ಟು ಚಿನ್ನ ಆಗಿರಬೇಕೆಂದು ಅಂದಾಜು.

ಕೋಲಾರದ ಗಣಿಗಳಿಂದ 120 ವರ್ಷಗಳಲ್ಲಿ ತೆಗೆದದ್ದು ಸುಮಾರು 800 ಟನ್. ಸೂರ್ಯ ಹುಟ್ಟುವ ಮೊದಲೇ ಎಲ್ಲೋ ತಯಾರಾಗಿ, ಮೋಡದಲ್ಲಿ ಬೆರೆತು, ಭೂಮಿಗೆ ಬಂದು, 250 ಕೋಟಿ ವರ್ಷಕ್ಕೂ ಹಿಂದೆ ಬಿಸಿನೀರಿನ ಜೊತೆ ಬೆಣಚುಕಲ್ಲಿನ ಸೀಳುಗಳಿಗೆ ಇಳಿದ ಚಿನ್ನ ಅದು. ಅದೇ ಗಣಿಯಲ್ಲಿ ನಕ್ಷತ್ರಗಳ ಇನ್ನೊಂದು ವಸ್ತುವಿಗೂ ಬಲೆ ಬೀಸಿದ್ದರು. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಕೋಲಾರದ ಸುರಂಗಗಳಲ್ಲಿ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಂ ತಂಡಗಳು ಸೇರಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದಲ್ಲಿ ಇನ್ನೊಂದು ತಂಡ ಹಿಡಿಯಿತು. ಅದೂ ಚಿನ್ನದ ಗಣಿಯೇ! ಏನನ್ನಾದರೂ ತೂರಿ ಹೋಗುವ, ಯಾವುದರ ಜೊತೆಗೂ ಸುಲಭವಾಗಿ ತಗುಲಿಕೊಳ್ಳದ ಕಣಗಳಿವು. ಉಳಿದ ಸದ್ದುಗದ್ದಲವನ್ನು ಮೇಲಿನ ಬಂಡೆ ತಡೆಯಲೆಂದು ಅಷ್ಟು ಆಳಕ್ಕೆ ಇಳಿಯಬೇಕು.

ಸಾಯುವ ನಕ್ಷತ್ರ ತನ್ನ ಶಕ್ತಿಯ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ಕಳೆದುಕೊಳ್ಳುವುದು ಈ ನ್ಯೂಟ್ರಿನೋಗಳಾಗಿ. ನಾವು ಬೆರಗಾಗಿ ನೋಡುವ ಬೆಳಕು ಉಳಿದ ಚಿಲ್ಲರೆಯಲ್ಲೂ ಒಂದು ಚೂರು. 1987ರ ಫೆಬ್ರವರಿ 23ರಂದು ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ, ಸುಮಾರು 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರವೊಂದು ಸಿಡಿದದ್ದು ಕಂಡಾಗ, ಬೆಳಕಿಗಿಂತ ಎರಡು ಮೂರು ಗಂಟೆ ಮೊದಲೇ ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ನೆಲದಡಿಯ ಉಪಕರಣಗಳಿಗೆ ಒಟ್ಟು ಇಪ್ಪತ್ತನಾಲ್ಕು ನ್ಯೂಟ್ರಿನೋ ಸಿಕ್ಕಿದ್ದವು. ನಕ್ಷತ್ರದ ತಿರುಳು ಕುಸಿಯುವುದಕ್ಕೆ ಮನುಷ್ಯ ಪಡೆದ ಮೊದಲ ಪ್ರತ್ಯಕ್ಷ ಸಾಕ್ಷ್ಯ ಆ ಎರಡು ಡಜನ್ ಕಣ. ಕೋಲಾರದಲ್ಲಿ ಪ್ರೋಟಾನ್ ಕರಗುವುದೇ ಎಂದು ನೋಡುವ ಪ್ರಯೋಗ 1980ರ ದಶಕದಲ್ಲೂ ನಡೆದಿತ್ತು. ಗಣಿಗಾರಿಕೆಯಲ್ಲಿ ಲಾಭ ಇಳಿದು ಆಳದ ಸುರಂಗಗಳು ಮುಚ್ಚುತ್ತ ಬಂದು ಅದೂ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು.

ಜಪಾನಿನ ಸೂಪರ್ ಕಮಿಯೊಕಾಂಡೆ ಮುಂತಾದ ಉಪಕರಣಗಳು ಈಗ ಪರಸ್ಪರ ಜೋಡಿಸಿಕೊಂಡು, ಎಲ್ಲಕ್ಕೂ ಒಮ್ಮೆಗೇ ನ್ಯೂಟ್ರಿನೋ ಬಡಿದರೆ ಲೋಕಕ್ಕೆಲ್ಲ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿಕೊಂಡಿವೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರಿದ್ರಾ ಮಂಕಾಗಿ ಹೊಳಪು ಅರ್ಧಕ್ಕಿಂತ ಕೆಳಗಿಳಿದಾಗ ಹಲವರು ಈಗ ಸಿಡಿಯಿತು ಎಂದು ಕಾದರು. ಅದು ಉಗುಳಿದ ಅನಿಲ ದೂಳಾಗಿ ಮುಖ ಮುಚ್ಚಿತ್ತು, ಅಷ್ಟೇ. ಅದಕ್ಕೆ ಇನ್ನೂ ಒಂದು ಲಕ್ಷ ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಬೇರೆಯವು ಅಷ್ಟು ಕಾಯಿಸಲಾರವು. ನಮ್ಮ ಗ್ಯಾಲಕ್ಸಿಯಲ್ಲಿ ಶತಮಾನಕ್ಕೆ ಒಂದೆರಡು ಸೂಪರ್ನೋವಾ ಆಗುತ್ತವೆಂದು ಲೆಕ್ಕ. ಬರಿಗಣ್ಣಿಗೆ ಕಂಡ ಕೊನೆಯದು 1604ರದು, ನಂತರದವನ್ನು ನಡುವಿನ ದೂಳು ಮರೆಮಾಡಿದೆ. ಗ್ಯಾಲಕ್ಸಿ ಒಂದು ಲಕ್ಷ ಜ್ಯೋತಿರ್ವರ್ಷದಷ್ಟು ಅಗಲವಿರುವುದರಿಂದ, ಈಗಾಗಲೇ ಸಿಡಿದು ಸುದ್ದಿ ಇನ್ನೂ ನಮ್ಮನ್ನು ತಲುಪದ ನಕ್ಷತ್ರಗಳೇ ನೂರಾರು ಇವೆ. ಅವುಗಳಲ್ಲಿ ಮುಂದಿನದರ ನ್ಯೂಟ್ರಿನೋಗಳು ದೂಳು, ಮೋಡ, ಹಗಲು ಯಾವುದಕ್ಕೂ ನಿಲ್ಲದೆ ಬೆಳಕಿಗಿಂತ ಕೆಲವು ಗಂಟೆ ಮುಂದಾಗಿ ಬರುತ್ತವೆ.